ಪ್ರವಾಸಿ: ರಾತ್ರಿ ತಂಗದವರಿಗೆ ಈ ಹೆಸರು ಸಲ್ಲದು

ಪ್ರವೇಶ ಟಿಕೆಟ್ಟುಗಳ ಎಣಿಕೆಯನ್ನು ‘ಪ್ರವಾಸಿಗರ ಸಂಖ್ಯೆ’ ಎಂಬ ತಲೆಬರಹದ ಕೆಳಗೆ ಕೂರಿಸಿದ ಕೋಷ್ಟಕ ಪ್ರವಾಸೋದ್ಯಮದ ಸಂಶೋಧನಾ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಮುಂದಿನ ಅಧ್ಯಾಯದಲ್ಲಿ ಅದೇ ಸಂಖ್ಯೆ ಹಿಡಿದು ಎಷ್ಟು ಹೋಟೆಲ್ ಕೋಣೆ ಬೇಕೆಂದು ಲೆಕ್ಕ ಹಾಕಿರುತ್ತಾರೆ. ಟಿಕೆಟ್ ಕೊಂಡವರಲ್ಲಿ ಪಕ್ಕದ ಬೀದಿಯವರಿರುತ್ತಾರೆ, ಸಂಜೆಗೆ ಮನೆ ಸೇರುವವರಿರುತ್ತಾರೆ, ಒಂದೇ ದಿನ ಮೂರು ಸ್ಮಾರಕ ನೋಡಿ ಮೂರು ಸಲ ಎಣಿಕೆಗೆ ಸಿಕ್ಕವರಿರುತ್ತಾರೆ. ಇವರೆಲ್ಲರನ್ನೂ ಪ್ರವಾಸಿ ಎಂದರೆ ಆಡುಮಾತಿಗೇನೂ ತೊಂದರೆಯಿಲ್ಲ. ಪ್ರಬಂಧಕ್ಕೆ ಇದೆ.

ಹಾಗಾದರೆ ಪ್ರವಾಸಿ ಯಾರು? ಉತ್ತರ ‘ಪ್ರವಾಸಿ’ ಎಂಬ ಪದದ ಒಳಗೇ ಇದೆ. ಸಂಸ್ಕೃತದ ‘ವಸ್’ ಧಾತುವಿಗೆ ನೆಲೆಸು, ತಂಗು ಎಂದರ್ಥ. ವಾಸ, ನಿವಾಸ, ವಸತಿ ಎಲ್ಲವೂ ಅದರಿಂದ ಬಂದವು, ಉಪವಾಸವೂ ಅಲ್ಲಿಂದಲೇ. ಇರುಳು ತಂಗುವುದಕ್ಕೆ ಆಡುಮಾತಿನಲ್ಲಿರುವ ‘ವಸ್ತಿ’ ಕೂಡ ಇದೇ ಬಳಗ. ‘ಪ್ರ’ ಸೇರಿದರೆ ಮನೆಯಿಂದಾಚೆ ತಂಗುವುದು. ಅಲಂಕಾರಶಾಸ್ತ್ರ ಓದಿದವರಿಗೆ ಪ್ರೋಷಿತಭರ್ತೃಕೆ ಗೊತ್ತು, ಗಂಡ ಪರದೇಶದಲ್ಲಿರುವ ನಾಯಿಕೆ. ಆ ‘ಪ್ರೋಷಿತ’ವೂ ಪ್ರ ಮತ್ತು ವಸ್ ಸೇರಿ ಆದ ಕೃದಂತವೇ. ಅವಳ ವಿರಹಕ್ಕೆ ಕಾರಣ ಅವನು ನಡೆದ ದಾರಿಯ ಉದ್ದವಲ್ಲ, ಅವನು ಮನೆಗೆ ಬಾರದ ರಾತ್ರಿಗಳು.

ಇಂಗ್ಲಿಷಿನ ‘ಟೂರ್’ ಬೇರೆ ಜಾಡಿನದು. ಅದರ ಬೇರು ಲ್ಯಾಟಿನ್ನಿನ ‘ಟೋರ್ನುಸ್’, ಅಂದರೆ ಲೇತ್, ಮರವನ್ನೋ ಲೋಹವನ್ನೋ ತಿರುಗಿಸಿ ಕಡೆಯುವ ಯಂತ್ರ. ಅದರ ಹಿಂದೆ ವೃತ್ತ ಎಳೆಯುವ ಸಾಧನಕ್ಕೆ ಗ್ರೀಕರಿಟ್ಟ ಹೆಸರಿದೆ. ಸುತ್ತಿ ಹೊರಟಲ್ಲಿಗೇ ಮರಳುವುದು ಅಲ್ಲಿ ಮುಖ್ಯ. ಹಿಂದಿಯ ‘ಪರ್ಯಟಕ’ನೂ (ಪರಿ ಎಂದರೆ ಸುತ್ತ, ಅಟ್ ಎಂದರೆ ಅಲೆ) ಸುತ್ತುವವನು. ಹಿಂದಿಯಲ್ಲಿ ‘ಪ್ರವಾಸಿ’ ಎಂದರೆ ಹೊರದೇಶದಲ್ಲಿ ನೆಲೆಸಿದವನು, ಮಲಯಾಳದಲ್ಲೂ ಹಾಗೆಯೇ. ಆ ಭಾಷೆಗಳ ವರದಿಯಿಂದ ‘ಪ್ರವಾಸಿ’ಗಳ ಅಂಕಿಯನ್ನು ನೇರ ಎತ್ತಿಕೊಂಡರೆ ವಲಸಿಗರ ಲೆಕ್ಕ ಪ್ರವಾಸೋದ್ಯಮದ ಲೆಕ್ಕವಾಗಿಬಿಡುತ್ತದೆ. ಟೂರಿಸ್ಟ್ ಎಂಬುದಕ್ಕೆ ಕನ್ನಡ ಆರಿಸಿಕೊಂಡದ್ದು ತಂಗುವ ಪದವನ್ನು. ಅಂಕಿಅಂಶಶಾಸ್ತ್ರವೂ ರಾತ್ರಿ ತಂಗುವವನನ್ನೇ ಟೂರಿಸ್ಟ್ ಎನ್ನುತ್ತದೆ, ಆ ವ್ಯಾಖ್ಯೆಗೆ ಇದಕ್ಕಿಂತ ಹೊಂದುವ ಪದ ಸಿಗುವುದು ಕಷ್ಟ. ಸಿಕ್ಕಿದ್ದನ್ನು ನಾವೇ ಸಡಿಲ ಮಾಡಿಕೊಂಡಿದ್ದೇವೆ.

1937ರಲ್ಲಿ ರಾಷ್ಟ್ರಸಂಘದ (ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್) ತಜ್ಞರ ಸಮಿತಿ ಪರದೇಶದಲ್ಲಿ ಕನಿಷ್ಠ 24 ಗಂಟೆ ಇರುವವರನ್ನು ಟೂರಿಸ್ಟ್ ಎಂದಿತು. 1963ರಲ್ಲಿ ರೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಮ್ಮೇಳನ ‘ಭೇಟಿಗಾರ’ ಎಂಬ ಹಿರಿಯ ಗುಂಪು ಮಾಡಿ, ಅದರೊಳಗೆ ತಂಗುವವರನ್ನೂ ಅಂದೇ ಮರಳುವವರನ್ನೂ ಬೇರೆಯಾಗಿಸಿತು. ಈಗ ನಡೆಯುವುದು ವಿಶ್ವಸಂಸ್ಥೆಯ 2008ರ ಶಿಫಾರಸು. ತನ್ನ ನಿತ್ಯದ ಪರಿಸರದ ಹೊರಗೆ ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಹೋದವನು, ಅಲ್ಲಿನವರಿಂದ ಸಂಬಳಕ್ಕೆ ನೇಮಕಗೊಳ್ಳಲು ಹೋಗದವನು ಭೇಟಿಗಾರ. ಅವನು ಒಂದು ರಾತ್ರಿಯಾದರೂ ತಂಗಿದರೆ ಪ್ರವಾಸಿ, ಇಲ್ಲವಾದರೆ ದಿನದ ಭೇಟಿಗಾರ. 24 ಗಂಟೆಯ ಅಳತೆ ಹೋಯಿತು, ರಾತ್ರಿ ಉಳಿಯಿತು. ಉದ್ದೇಶ ಮೋಜೇ ಆಗಬೇಕಿಲ್ಲ. ಸಭೆಗೆ ಬಂದ ಕಂಪನಿಯ ನೌಕರ, ಚಿಕಿತ್ಸೆಗೆ ಬಂದ ರೋಗಿ, ನೆಂಟರ ಮನೆಯಲ್ಲಿ ಉಳಿದವರು, ರಾತ್ರಿ ತಂಗಿದರೆ ಎಲ್ಲರೂ ಪ್ರವಾಸಿಗಳೇ. ಹಾಗಾಗಿ ‘ಯಾತ್ರಿಕರು’, ‘ಪ್ರವಾಸಿಗಳು’ ಎಂದು ಎರಡು ಕಂಬಸಾಲು ಮಾಡಿ ಕೊನೆಗೆ ಕೂಡಿಸುವುದು ತಪ್ಪು. ಯಾತ್ರೆ ಒಂದು ಉದ್ದೇಶ. ತಂಗಿದ ಯಾತ್ರಿಕ ಪ್ರವಾಸಿಯೂ ಹೌದು.

‘ನಿತ್ಯದ ಪರಿಸರ’ ಎಂದರೆ ಮನೆಯಷ್ಟೇ ಅಲ್ಲ, ಕೆಲಸದ ಜಾಗ, ಓದುವ ಜಾಗ, ಪದೇ ಪದೇ ಹೋಗುವ ಜಾಗವೂ ಸೇರುತ್ತದೆ. ಗಡಿಯನ್ನು ದೂರ, ಎಷ್ಟು ಸಲ, ಎಷ್ಟು ಹೊತ್ತು, ಯಾವ ಆಡಳಿತ ಎಲ್ಲೆ ಎಂಬುದರ ಮೇಲೆ ಆಯಾ ದೇಶ ಗೊತ್ತುಮಾಡುತ್ತದೆ. ಪ್ರಬಂಧ ಯಾವ ಗಡಿಯನ್ನು ಹಿಡಿಯಿತೆಂದು ವಿಧಾನದ ಅಧ್ಯಾಯದಲ್ಲಿ ಬರೆಯಲೇಬೇಕು. ಬಹಳ ಪ್ರಬಂಧಗಳು ಬರೆಯುವುದಿಲ್ಲ.

ತಪ್ಪಿನ ಬೆಲೆ ಲೆಕ್ಕದಲ್ಲಿ ಕಾಣುತ್ತದೆ. 1,000 ಭೇಟಿಗಾರರಲ್ಲಿ 400 ಮಂದಿ ತಲಾ ಮೂರು ರಾತ್ರಿ ತಂಗಿದರು ಎಂದುಕೊಳ್ಳೋಣ, ಒಟ್ಟು 1,200 ರಾತ್ರಿ. ಪ್ರವಾಸಿಯ ಸರಾಸರಿ ತಂಗುವಿಕೆ 3 ರಾತ್ರಿ. ಎಲ್ಲರನ್ನೂ ಪ್ರವಾಸಿ ಎಂದು ಛೇದಕ್ಕೆ ಹಾಕಿದರೆ 1.2. ಈ 1.2 ಒಬ್ಬ ಮನುಷ್ಯನ ನಡತೆಯನ್ನೂ ಹೇಳುವುದಿಲ್ಲ. ತಲಾ ಖರ್ಚಿನದೂ ಇದೇ ಗತಿ.

ಎಣಿಸುವ ಜಾಗವೂ ಮೋಸ ಮಾಡುತ್ತದೆ. ದಿನಕ್ಕೆ 100 ಮಂದಿ ಒಂದು ರಾತ್ರಿಗೆ, ಇನ್ನು 100 ಮಂದಿ ಐದು ರಾತ್ರಿಗೆ ಬಂದರೆ ನಿಜವಾದ ಸರಾಸರಿ 3. ಆದರೆ ಯಾವುದೇ ರಾತ್ರಿ ಊರಲ್ಲಿರುವ 600 ಮಂದಿಯಲ್ಲಿ 500 ಮಂದಿ ಐದು ರಾತ್ರಿಯವರು. ಊರೊಳಗೆ ನಿಂತು ಕೇಳಿದರೆ ಸರಾಸರಿ 4.3 ಬರುತ್ತದೆ. ನಿರ್ಗಮನದ ದಾರಿಯಲ್ಲಿ ಕೇಳಿದರೆ ಈ ಓರೆ ಇರುವುದಿಲ್ಲ. ಆಗದಿದ್ದರೆ ಪ್ರತಿ ಉತ್ತರಕ್ಕೂ ಅವರು ತಂಗುವ ರಾತ್ರಿಗಳ ವಿಲೋಮವನ್ನು ತೂಕವಾಗಿ ಕೊಡಬೇಕು, ಐದು ರಾತ್ರಿಯವರಿಗೆ 1/5. ಉತ್ಸವಗಳ ಅಧ್ಯಯನದಲ್ಲಿ ಇನ್ನೊಂದು ಗಂಟಿದೆ. ಮೂರು ದಿನದ ಕಾರ್ಯಕ್ರಮಕ್ಕೆ ಮೂರೂ ದಿನ ಬಂದವನು ಮೂರು ಹಾಜರಿ, ಒಬ್ಬ ಮನುಷ್ಯ. ಉತ್ಸವ ಇಲ್ಲದಿದ್ದರೂ ಬರುತ್ತಿದ್ದವನ ಇಡೀ ಖರ್ಚನ್ನು ಉತ್ಸವದ ಆರ್ಥಿಕ ಪರಿಣಾಮಕ್ಕೆ ಸೇರಿಸುವಂತಿಲ್ಲ.

ಭೇಟಿಗಾರನಿಗೆ ‘ಸಂದರ್ಶಕ’ ಎಂದು ಬರೆಯುವವರೂ ಇದ್ದಾರೆ. ಸಮೀಕ್ಷೆಯಲ್ಲಿ ಪ್ರಶ್ನೆ ಕೇಳುವವನೂ ಸಂದರ್ಶಕನೇ ಆದ್ದರಿಂದ ‘ಸಂದರ್ಶಕರ ಉತ್ತರ’ ಎಂದರೆ ಯಾರ ಉತ್ತರ ಎಂದು ತಿಳಿಯದು. ಇಲ್ಲಿ ‘ಭೇಟಿಗಾರ’ವೇ ಸರಿ.

ಪ್ರಶ್ನಾವಳಿಯಲ್ಲಿ ವಯಸ್ಸು, ಆದಾಯಕ್ಕಿಂತ ಮೊದಲು ಮೂರು ಪ್ರಶ್ನೆ ಇರಲಿ: ನೀವು ಸಾಮಾನ್ಯವಾಗಿ ಇರುವುದು, ಕೆಲಸಕ್ಕೋ ಓದಿಗೋ ಹೋಗಿಬರುವುದು ಎಲ್ಲಿ? ಇಲ್ಲಿಂದ ಯಾರಾದರೂ ನಿಮಗೆ ಸಂಬಳ ಕೊಡುತ್ತಾರೆಯೇ? ಈ ಸಲ ಬಂದಾಗ ಇಲ್ಲಿ ಎಷ್ಟು ರಾತ್ರಿ ಮಲಗುತ್ತೀರಿ? ಮೂರನೆಯದಕ್ಕೆ ಸೊನ್ನೆ ಬಂದರೆ ಆ ಹಾಳೆ ದಿನದ ಭೇಟಿಗಾರರ ಕಟ್ಟಿಗೆ ಹೋಗಬೇಕು.