ನಿಂತರೆ ಬಿಸಿ, ಓಡಿದರೆ ತಣ್ಣಗೆ: ಹಳೆಯ ಕಾರಿಗೆ ಏನಾಗಿದೆ?

ಪ್ರಶ್ನೆ: ನನ್ನದು ಹಳೆಯ ಕಾರ್ಬ್ಯುರೇಟರ್ ಕಾರು. ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ, ಹೊರಟರೆ ಇಳಿಯುತ್ತದೆ. ಥರ್ಮೋಸ್ಟಾಟ್ ತೆಗೆದುಹಾಕಲೇ?

ಉತ್ತರ: ಬೇಡ. ದಯವಿಟ್ಟು ಬೇಡ. ಇದೇ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸಲ ಯಾರೋ ಒಬ್ಬರು ಅದನ್ನು ಆಗಲೇ ಕಿತ್ತು ಡಿಕ್ಕಿಗೆ ಹಾಕಿರುತ್ತಾರೆ.

ಥರ್ಮೋಸ್ಟಾಟ್ ಅಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವಿನ ನೀರಿನ ದಾರಿಯಲ್ಲಿ ಬಿಸಿಗೆ ತಾನೇ ತೆರೆಯುವ ಬಾಗಿಲು. ಅದು ಇರುವುದು ಎಂಜಿನ್ ತೀರಾ ತಣ್ಣಗಾಗದಂತೆ ನೋಡಿಕೊಳ್ಳಲು. ಮೇಲೆ 82 ಅಂತ ಒತ್ತಿದ್ದರೆ ಸುಮಾರು 82 ಡಿಗ್ರಿಗೆ ತೆರೆಯಲು ಶುರುವಾಗುತ್ತದೆ. ಇನ್ನು 10–15 ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ. ನಿಮ್ಮ ಮುಳ್ಳು ಕೆಂಪಿನ ಹತ್ತಿರ ಬಂದಾಗ ಅದು ಆಗಲೇ ಬಾಗಿಲು ತೆರೆದು ನಿಂತಿದೆ. ತೆರೆದ ಬಾಗಿಲನ್ನು ಕಿತ್ತರೆ ಏನು ಲಾಭ? ಕೆಲವು ಎಂಜಿನ್‌ಗಳಲ್ಲಿ ನಷ್ಟವೇ ಜಾಸ್ತಿ. ಅಲ್ಲಿ ಥರ್ಮೋಸ್ಟಾಟ್ ತೆರೆಯುತ್ತಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಹಾಗೇ ಎಂಜಿನ್‌ಗೆ ವಾಪಸ್ ಬರುತ್ತದೆ. ಚಳಿಯಲ್ಲಂತೂ ಎಂಜಿನ್ ಕಾಯುವುದೇ ಇಲ್ಲ. ಆಯಿಲ್ ಕೆಸರಾಗುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಅನುಮಾನವಿದ್ದರೆ ಅದನ್ನು ಬಿಚ್ಚಿ, ನೀರಿನ ಪಾತ್ರೆಯಲ್ಲಿ ಕಾಯಿಸಿ ನೋಡಿ. ತೆರೆಯದಿದ್ದರೆ ಹೊಸದು ಹಾಕಿ. ಜಾಗ ಮಾತ್ರ ಖಾಲಿ ಬಿಡಬೇಡಿ.

ಓಡುವಾಗ ಇಳಿಯುತ್ತದೆ ಅಂದಿರಲ್ವಾ, ಉತ್ತರ ಅಲ್ಲೇ ಇದೆ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಎಲ್ಲವೂ ಫ್ಯಾನ್ ಮೇಲೆ. ಹಾಗಾಗಿ ಮೊದಲು ಗಾಳಿಯ ಕಡೆ ನೋಡಿ. ಬೆಲ್ಟ್ ಸಡಿಲವಾಗಿದೆಯೇ? ಫ್ಯಾನ್ ಸುತ್ತಲಿನ ಶ್ರೌಡ್, ಅಂದರೆ ಕವಚ, ಇದೆಯೇ? ಹಿಂದೆ ಯಾರೋ ರಿಪೇರಿಗೆ ಬಿಚ್ಚಿ ವಾಪಸ್ ಹಾಕದೇ ಇರುವುದು ತುಂಬಾ ಸಾಮಾನ್ಯ. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಕ್ಲಚ್ (ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿದು ತಿರುಗಿಸುವ ಭಾಗ) ಇರುವ ಫ್ಯಾನ್ ಆದರೆ ಬಿಸಿ ಎಂಜಿನ್ ಆಫ್ ಮಾಡಿ ಕೈಯಿಂದ ತಿರುಗಿಸಿ. ಬಿಗಿ ಸಿಗದೆ ಸುಮ್ನೆ ಗಿರ್ರನೆ ಸುತ್ತಿದರೆ ಕ್ಲಚ್ ಮುಗಿದಿದೆ.

ಗಾಳಿ ಸರಿಯಿದ್ದರೆ ಇಗ್ನಿಷನ್ ಟೈಮಿಂಗ್ ನೋಡಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಕಿಡಿ ತಡವಾದರೆ ಪೆಟ್ರೋಲ್ ತಡವಾಗಿ ಉರಿದು, ಆ ಬಿಸಿ ಎಕ್ಸಾಸ್ಟ್ ಪೋರ್ಟ್ ಸುತ್ತಲಿನ ನೀರಿಗೆ ಸೇರುತ್ತದೆ. ಆಮೇಲೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆಯೇ ನೋಡಿ.

ಇನ್ನೊಂದು ಮಾತು, ನೀವು ಕೇಳಿಲ್ಲ. ಎಂಜಿನ್ ಆಫ್ ಮಾಡಿದ ಮೇಲೂ ಮುಳ್ಳು ಕೊಂಚ ಏರಿದರೆ ಗಾಬರಿ ಬೇಡ. ಪಂಪ್ ನಿಂತಿದೆ, ಸಿಲಿಂಡರ್ ಮೇಲಿನ ಹೆಡ್ ಇನ್ನೂ ಕಾದಿದೆ, ಅದರ ಶಾಖ ನಿಂತ ನೀರಿಗೆ ಇಳಿಯುತ್ತಿದೆ. ಆದರೆ ಪ್ರತಿ ಸಲ ನೀರು ಉಕ್ಕಿ ಚೆಲ್ಲಿದರೆ ರೇಡಿಯೇಟರ್ ಕ್ಯಾಪ್ ನೋಡಿ. 7 ಪೌಂಡಿನ (ಚದರ ಇಂಚಿಗೆ ಅಷ್ಟು ಒತ್ತಡ ಹಿಡಿದಿಡುವ) ಕ್ಯಾಪ್ ಸರಿಯಿದ್ದರೆ ಬರೀ ನೀರು ಕೂಡ ಸುಮಾರು 111 ಡಿಗ್ರಿವರೆಗೆ ಕುದಿಯುವುದಿಲ್ಲ. ಅದರ ಸ್ಪ್ರಿಂಗ್ ಸೋತಿದ್ದರೆ 100ಕ್ಕೇ ಕುದಿಯುತ್ತದೆ. ಪರೀಕ್ಷೆ ಮಾಡುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿ ಇರುವಾಗ ಕ್ಯಾಪ್‌ಗೆ ಕೈ ಹಾಕಲೇಬೇಡಿ.