ಏಂಜೆಲ್ ಜೊತೆಗಿದ್ದ ನಿಯಾನ್‌ಗಳು ಎಲ್ಲಿ ಹೋದವು?

ಪ್ರಶ್ನೆ: ನಮ್ಮ 100 ಲೀಟರ್ ಮೀನಿನ ಟ್ಯಾಂಕಿನಲ್ಲಿ ಎರಡು ಏಂಜೆಲ್, ಹತ್ತು ನಿಯಾನ್ ಟೆಟ್ರಾ ಇದ್ದವು. ತಂದಾಗ ಏಂಜೆಲ್‌ಗಳು ನಾಣ್ಯದಷ್ಟಿದ್ದವು. ಏಳೆಂಟು ತಿಂಗಳು ಎಲ್ಲವೂ ಚೆನ್ನಾಗಿಯೇ ಇದ್ದವು. ಈಗ ನಿಯಾನ್‌ಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ಸತ್ತ ಮೀನು ಮಾತ್ರ ಸಿಗುತ್ತಿಲ್ಲ. ಏಂಜೆಲ್ ಸಾಧು ಮೀನು ಅಂತ ಹೇಳಿಯೇ ಕೊಟ್ಟಿದ್ದರು. ಯಾವುದರ ಜೊತೆ ಯಾವುದು ಹೊಂದುತ್ತದೆ ಅಂತ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಸತ್ತ ಮೀನು ಸಿಗುತ್ತಿಲ್ಲ ಅಂದಮೇಲೆ ಅವು ಬಹುತೇಕ ಏಂಜೆಲ್ ಹೊಟ್ಟೆ ಸೇರಿವೆ. ಬೇಜಾರಿನ ಸಂಗತಿ ನಿಜ, ಆದರೆ ಇದರಲ್ಲಿ ಏಂಜೆಲ್ ತಪ್ಪೇನೂ ಇಲ್ಲ. ಅದು ಸಿಕ್ಲಿಡ್ ಜಾತಿಯ ಮೀನು. ಅಮೆಜಾನ್ ಕಡೆಯ ನದಿಗಳಲ್ಲಿ ಗಿಡ, ಬೇರುಗಳ ಸಂದಿಯಲ್ಲಿ ತೂರಿಕೊಂಡು ಹುಳುಹುಪ್ಪಟೆ, ಸಣ್ಣ ಮೀನು ಹಿಡಿದು ತಿನ್ನುವಂಥದ್ದು. ಬೆಳೆದ ಏಂಜೆಲ್ ಸುಮಾರು 15 ಸೆಂಟಿಮೀಟರ್ ಆಗುತ್ತದೆ. ನಿಯಾನ್ ಎಷ್ಟೇ ಬೆಳೆದರೂ 3ರಿಂದ 4 ಸೆಂಟಿಮೀಟರ್, ಅದೂ ಸಣಕಲು. ಏಳೆಂಟು ತಿಂಗಳ ಹಿಂದೆ ಏಂಜೆಲ್ ಬಾಯಿಗೆ ನಿಯಾನ್ ಹಿಡಿಸುತ್ತಿರಲಿಲ್ಲ, ಈಗ ಹಿಡಿಸುತ್ತಿದೆ. ಅಷ್ಟೇ ವ್ಯತ್ಯಾಸ.

ಕಣ್ಣಾರೆ ನೋಡಬೇಕಾದರೆ ಲೈಟ್ ಆರಿಸಿದ ಮೇಲೆ ಸ್ವಲ್ಪ ಹೊತ್ತು ಟ್ಯಾಂಕ್ ಮುಂದೆ ಕೂತು ನೋಡಿ. ಕತ್ತಲಾದಂತೆ ನಿಯಾನ್‌ಗಳ ನೀಲಿ ಗೆರೆ ಮಂಕಾಗುತ್ತದೆ, ಅವು ಗಿಡದ ಬುಡದಲ್ಲಿ ಅಲ್ಲಾಡದೆ ನಿಲ್ಲುತ್ತವೆ. ಏಂಜೆಲ್ ಹತ್ತಿರ ಬಂದು, ಮೂತಿಯನ್ನು ನಿಯಾನ್ ಕಡೆಗೆ ತಿರುಗಿಸಿ ತೇಲುತ್ತಾ ನಿಲ್ಲುತ್ತದೆ. ಆಮೇಲೆ ಒಂದೇ ಸಲ ಬಾಯಿ ಮುಂದಕ್ಕೆ ಚಾಚಿ ಎಳೆದುಕೊಳ್ಳುತ್ತದೆ. ಜಗಳವಿಲ್ಲ, ಅಟ್ಟಾಡಿಸುವುದೂ ಇಲ್ಲ. ಹಗಲಲ್ಲಿ ನೋಡಿದವರಿಗೆ ಎಲ್ಲವೂ ಶಾಂತವಾಗಿಯೇ ಕಾಣುತ್ತದೆ.

ಹಾಗಾಗಿ ಮೀನನ್ನು ಅಂಗಡಿಯಲ್ಲಿ ಕಾಣುವ ಅಳತೆಯಲ್ಲಿ ನೋಡಬೇಡಿ, ಬೆಳೆದ ಮೇಲೆ ಎಷ್ಟಾಗುತ್ತದೆ ಅಂತ ಕೇಳಿ. ಮಾರಾಟಕ್ಕಿರುವುದು ಬಹುಪಾಲು ಮರಿಗಳೇ. ಪಾಚಿ ತಿನ್ನುತ್ತದೆ ಅಂತ ಎಲ್ಲರೂ ತರುವ ಸಾಮಾನ್ಯ ಪ್ಲೆಕೊ 30 ಸೆಂಟಿಮೀಟರ್ ದಾಟುತ್ತದೆ. ಬೆರಳುದ್ದದ ಬಾಲಾ ಶಾರ್ಕ್ ಕೂಡ ಅಷ್ಟೇ ಬೆಳೆಯುತ್ತದೆ. ಆಸ್ಕರ್ ಮೀನಿನ ಕಥೆಯೂ ಅದೇ. ಅದರ ಜೊತೆ ಸಣ್ಣ ಮೀನು ಬಿಟ್ಟರೆ ಊಟ ಬಡಿಸಿದ ಹಾಗೆ.

ಮೊದಲು ಏಂಜೆಲ್ ಬಾಯಿಗೆ ಹಿಡಿಸುತ್ತದೆ ಅಂದೆ, ಮೈ ಅನ್ನಲಿಲ್ಲ, ಗಮನಿಸಿ. ಡಿಸ್ಕಸ್ ಮೀನು ಏಂಜೆಲ್‌ನಷ್ಟೇ ದೊಡ್ಡದು, ಅಗಲದ ತಟ್ಟೆಯಂಥ ಮೈ. ಆದರೆ ಬಾಯಿ ಚಿಕ್ಕದು, ಬೇಟೆಯ ಹುಚ್ಚೂ ಕಡಿಮೆ. ಅದರ ಜೊತೆ ನಿಯಾನ್‌ನಂತೆಯೇ ಕಾಣುವ ಕಾರ್ಡಿನಲ್ ಟೆಟ್ರಾಗಳನ್ನು ಇಡುವುದು ರೂಢಿ. ಅಲ್ಲಿ ನಿಯಾನ್ ಬಿಟ್ಟು ಕಾರ್ಡಿನಲ್ಲೇ ಏಕೆ? ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೆಚ್ಚಗಿನ ನೀರು ಬೇಕು. ಕಾರ್ಡಿನಲ್ ಅದನ್ನು ತಡೆದುಕೊಳ್ಳುತ್ತದೆ. ನಿಯಾನ್‌ಗೆ ಅಷ್ಟು ಶಾಖ ಒಗ್ಗುವುದಿಲ್ಲ, ದಿನ ಕಳೆದಂತೆ ಸೊರಗುತ್ತದೆ.

ಹೀಗೆ ಯಾರೂ ಯಾರನ್ನೂ ಮುಟ್ಟದಿದ್ದರೂ ಜೊತೆ ಕೆಡಬಹುದು. ನನಗೆ ಜಾಸ್ತಿ ಬೇಸರ ತರಿಸುವುದು ಗೋಲ್ಡ್‌ಫಿಶ್ ಜೊತೆ ಬೆಚ್ಚನೆ ನೀರಿನ ಮೀನುಗಳನ್ನು ಸೇರಿಸುವ ಅಭ್ಯಾಸ. ಗೋಲ್ಡ್‌ಫಿಶ್ ತಂಪು ನೀರಿನದು, 20 ಡಿಗ್ರಿ ಆಸುಪಾಸಿನಲ್ಲಿ ಸುಖವಾಗಿರುತ್ತದೆ. ತಿನ್ನುವುದೂ ಗಲೀಜು ಮಾಡುವುದೂ ಜಾಸ್ತಿ, ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ ಬೇಗ ಏರುತ್ತದೆ. ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುತ್ತದೆ ಕೂಡ. ಅದಕ್ಕೆ ಗೋಲ್ಡ್‌ಫಿಶ್ಶೇ ಸರಿಯಾದ ಜೊತೆ. ನೀರಿನ ಗುಣವನ್ನೂ ನೋಡಬೇಕು. ಮೊಲ್ಲಿ, ಗಪ್ಪಿಗಳಿಗೆ ಗಡಸು ನೀರು ಹಿತ, ಅಮೆಜಾನ್ ಟೆಟ್ರಾಗಳಿಗೆ ಮೆದು ನೀರು. ಸಾಕಣೆಯಲ್ಲೇ ಹುಟ್ಟಿದ ಮೀನುಗಳು ಸ್ವಲ್ಪ ಹೆಚ್ಚುಕಡಿಮೆಗೆ ಹೊಂದಿಕೊಳ್ಳುತ್ತವೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಎರಡು ತುದಿಯ ಮೀನುಗಳನ್ನು ಒಟ್ಟಿಗೆ ಹಾಕಬೇಡಿ.

ಇನ್ನು ಸಾಧು, ಪುಂಡ ಅನ್ನುವ ಹಣೆಪಟ್ಟಿ. ಇದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಟೈಗರ್ ಬಾರ್ಬ್ ತಗೊಳ್ಳಿ. ಎರಡೋ ಮೂರೋ ತಂದು ಬಿಟ್ಟರೆ ಪಕ್ಕದ ಮೀನುಗಳ ರೆಕ್ಕೆಗೆ ಬಾಯಿ ಹಾಕುವುದೇ ಅವುಗಳ ಕೆಲಸ. ಏಂಜೆಲ್‌ನ ಎದೆ ಕೆಳಗೆ ದಾರದ ಹಾಗೆ ಇಳಿಬಿದ್ದ ಎರಡು ರೆಕ್ಕೆ ಇರುತ್ತವಲ್ಲ, ಮೊದಲು ಹೋಗುವುದು ಅವೇ. ಅದೇ ಬಾರ್ಬ್ ಎಂಟು ಹತ್ತು ಇದ್ದರೆ ಅವುಗಳ ಜಗಳ ಅವುಗಳ ನಡುವೆಯೇ ಮುಗಿಯುತ್ತದೆ, ಹೊರಗಿನವರಿಗೆ ಕಾಟ ಕಡಿಮೆ. ಹಾಗಂತ ಉದ್ದ ರೆಕ್ಕೆಯ, ನಿಧಾನದ ಮೀನಿನ ಜೊತೆ ಆಗಲೂ ಬೇಡ. ಫೈಟರ್ ಮೀನಿನದು ಬೇರೆಯೇ ತಕರಾರು. ಎರಡು ಗಂಡುಗಳನ್ನು ಒಟ್ಟಿಗೆ ಬಿಡಬಾರದು ಅಂತ ಎಲ್ಲರಿಗೂ ಗೊತ್ತು. ಬಣ್ಣದ ಬಾಲದ ಗಂಡು ಗಪ್ಪಿಯನ್ನೂ ಅದು ಎದುರಾಳಿ ಅಂದುಕೊಳ್ಳಬಹುದು ಅನ್ನುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ತಳದಲ್ಲೇ ಓಡಾಡುವ ಕೋರಿಡೋರಸ್ ಅಥವಾ ಕೂಲಿ ಲೋಚ್ ಅದರ ಕಣ್ಣಿಗೆ ಬೀಳುವುದೇ ಕಡಿಮೆ. ಆದರೂ ಒಂದೊಂದು ಫೈಟರ್ ಯಾರನ್ನೂ ಸಹಿಸುವುದಿಲ್ಲ, ಅದನ್ನು ಒಂಟಿಯಾಗಿ ಬಿಡುವುದೇ ವಾಸಿ.

ಸರಿ, ಆಯ್ಕೆ ಹೇಗೆ? ಅಂಗಡಿಯಲ್ಲಿ ಚಂದ ಕಂಡದ್ದನ್ನೆಲ್ಲ ಒಂದೊಂದು ಜೋಡಿ ತರುವ ಬದಲು, ನಿಮಗೆ ತೀರಾ ಇಷ್ಟವಾದ ಒಂದೇ ಮೀನನ್ನು ಮೊದಲು ಆರಿಸಿ. ಉಳಿದವೆಲ್ಲ ಅದಕ್ಕೆ ಹೊಂದುವಂತೆ ಬರಬೇಕು. ಅದರ ನೀರು, ಅದರ ಬಾಯಿ, ಅದು ಓಡಾಡುವ ಜಾಗ, ಈ ಕ್ರಮದಲ್ಲಿ ಯೋಚಿಸಿದರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಮನಸ್ಸಿಗೆ ಸ್ವಲ್ಪ ಕಷ್ಟ, ಆದರೆ ಟ್ಯಾಂಕಿಗೆ ಒಳ್ಳೆಯದು.

ನಿಮ್ಮ ಟ್ಯಾಂಕಿನಲ್ಲಿ ಏಂಜೆಲ್‌ಗಳನ್ನೇ ಉಳಿಸಿಕೊಳ್ಳುತ್ತೀರಿ ಅಂದುಕೊಳ್ಳೋಣ. ಹಾಗಾದರೆ ಉಳಿದ ನಿಯಾನ್‌ಗಳನ್ನು ಇವತ್ತೇ ಬೇರೆ ಮಾಡಿ. ಏಂಜೆಲ್ ಜೊತೆಗೆ ಆರು ಕೋರಿಡೋರಸ್ ತರಬಹುದು, ತಳದಲ್ಲಿ ಚೂಪು ಕಲ್ಲಿನ ಬದಲು ನುಣುಪು ಮರಳು ಇರಲಿ, ಇಲ್ಲದಿದ್ದರೆ ಅವುಗಳ ಮೀಸೆ ಸವೆಯುತ್ತದೆ. ಪಾಚಿಗೆ ಒಂದು ಬ್ರಿಸಲ್‌ನೋಸ್ ಪ್ಲೆಕೊ ಸಾಕು, ಅದು 12ರಿಂದ 15 ಸೆಂಟಿಮೀಟರಿಗೆ ನಿಲ್ಲುತ್ತದೆ. ಎರಡು ಏಂಜೆಲ್‌ಗೆ 100 ಲೀಟರ್ ಹೇಗೋ ಸಾಲುತ್ತದೆ, ಟ್ಯಾಂಕ್ ಎತ್ತರವಾಗಿದ್ದರೆ ಒಳ್ಳೆಯದು. ಅದಕ್ಕೇ ನಡು ನೀರಿಗೆ ಇನ್ನೊಂದು ಗುಂಪು ಸೇರಿಸುವುದು ಬೇಡ ಅನ್ನುತ್ತೇನೆ. ಇನ್ನೊಂದು ಮಾತು, ಆ ಎರಡೂ ಜೋಡಿಯಾಗಿ ಮೊಟ್ಟೆ ಇಟ್ಟರೆ ಅರ್ಧ ಟ್ಯಾಂಕ್ ತಮ್ಮದೇ ಅಂತ ಕಾವಲು ಕಾಯುತ್ತವೆ, ಕೋರಿಡೋರಸ್‌ಗಳನ್ನು ಮೂಲೆಗೆ ಅಟ್ಟುತ್ತವೆ. ಆಗ ನಡುವೆ ಬೇರೆ ಮಾಡುವ ಗಾಜು ಅಥವಾ ಇನ್ನೊಂದು ಟ್ಯಾಂಕ್ ಬೇಕಾಗಬಹುದು.

ನಿಯಾನ್‌ಗಳೇ ಇಷ್ಟವಾದರೆ ಇನ್ನೂ ಸುಲಭ. ಏಂಜೆಲ್‌ಗಳನ್ನು ದೊಡ್ಡ ಟ್ಯಾಂಕ್ ಇರುವವರಿಗೆ ಕೊಟ್ಟು, ನಿಯಾನ್ ಗುಂಪನ್ನು ಹದಿನೈದಕ್ಕೆ ಏರಿಸಿ, ತಳಕ್ಕೆ ಕೋರಿಡೋರಸ್ ಬಿಡಿ. ಗುಂಪು ದೊಡ್ಡದಿದ್ದಷ್ಟೂ ಅವು ಧೈರ್ಯವಾಗಿ ಎದುರಿಗೆ ಬಂದು ಆಡುತ್ತವೆ.

ಯಾವ ದಾರಿ ಹಿಡಿದರೂ ಹೊಸ ಮೀನನ್ನು ಎರಡು ಮೂರು ವಾರ ಬೇರೆ ಟ್ಯಾಂಕಿನಲ್ಲಿಟ್ಟು ರೋಗವಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಎಲ್ಲವನ್ನೂ ಒಂದೇ ದಿನ ಬಿಡಬೇಡಿ, ಗಲೀಜು ಒಮ್ಮೆಲೇ ಏರಿದರೆ ಅದನ್ನು ಕರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ನಿಭಾಯಿಸಲು ಆಗುವುದಿಲ್ಲ. ಬಿಡುವ ದಿನ ಕಲ್ಲು, ಕಟ್ಟಿಗೆ ಸ್ವಲ್ಪ ಜಾಗ ಬದಲಿಸಿ ಲೈಟ್ ಆರಿಸಿ. ಹಳೆಯ ಏಂಜೆಲ್‌ಗೆ ತನ್ನ ಗಡಿ ಎಲ್ಲಿತ್ತು ಅಂತ ಗೊಂದಲವಾಗುತ್ತದೆ, ಅಷ್ಟರಲ್ಲಿ ಹೊಸಬರು ಅಡಗುವ ಜಾಗ ಹುಡುಕಿಕೊಂಡಿರುತ್ತಾರೆ.