ರಾಷ್ಟ್ರಾಧ್ಯಕ್ಷರಿಗಾಗಿ ಕಟ್ಟಿದ ಪಕ್ಷ: ಫ್ರಾನ್ಸಿನ ಬಲಪಂಥದ ಕಥೆ

ಯುರೋಪಿನ ರಾಜಕಾರಣವನ್ನು ಪಾಠ ಮಾಡುವಾಗ ವಿದ್ಯಾರ್ಥಿಗಳು ಹೆಚ್ಚು ತಡವರಿಸುವುದು ಫ್ರಾನ್ಸಿನ ಸಂಪ್ರದಾಯವಾದಿ ಪಕ್ಷದ ವಿಷಯದಲ್ಲಿ. 1958ರಲ್ಲಿ ಯುಎನ್‌ಆರ್, 1968ರಲ್ಲಿ ಯುಡಿಆರ್, 1976ರಲ್ಲಿ ಆರ್‌ಪಿಆರ್, 2002ರಲ್ಲಿ ಯುಎಂಪಿ, 2015ರಿಂದೀಚೆಗೆ ‘ಲೆ ರಿಪಬ್ಲಿಕಾಂ’ ಎಂದು ಹೆಸರು ಬದಲಾಗುತ್ತಲೇ ಬಂದಿರುವುದರಿಂದ, ಇವೆಲ್ಲ ಬೇರೆ ಬೇರೆ ಪಕ್ಷಗಳೆಂಬ ಭಾವನೆ ಮೂಡುವುದು ಸಹಜ. ಆದರೆ ಇವೆಲ್ಲವೂ ಒಂದೇ ಪರಂಪರೆಗೆ ಸೇರಿದವು. ಆ ಪರಂಪರೆ ಹುಟ್ಟಿದ್ದು ರಾಷ್ಟ್ರಾಧ್ಯಕ್ಷರೊಬ್ಬರ ಬೆನ್ನಿಗೆ ನಿಲ್ಲುವುದಕ್ಕೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಅದರ ಏಳುಬೀಳುಗಳು ಬಹುಮಟ್ಟಿಗೆ ಅರ್ಥವಾಗುತ್ತವೆ.

ಆ ರಾಷ್ಟ್ರಾಧ್ಯಕ್ಷ, ಎರಡನೆಯ ಮಹಾಯುದ್ಧದ ನಾಯಕ ಷಾರ್ಲ್ ದ ಗಾಲ್ ಅವರಿಗೆ ಪಕ್ಷಗಳ ಮೇಲೆ ಎಂದೂ ವಿಶ್ವಾಸವಿರಲಿಲ್ಲ. ಆದರೂ 1958ರಲ್ಲಿ ಅವರು ಅಧಿಕಾರಕ್ಕೆ ಮರಳಿ ಐದನೆಯ ಗಣರಾಜ್ಯದ (ಫ್ರಾನ್ಸಿನ ಇಂದಿನ ಆಡಳಿತ ವ್ಯವಸ್ಥೆಯ) ಸಂವಿಧಾನ ಜಾರಿಗೆ ಬಂದಾಗ, ಸಂಸತ್ತಿನಲ್ಲಿ ಅವರ ಪರ ಕೈಯೆತ್ತುವವರ ಒಂದು ಗುಂಪು ಬೇಕಾಗಿತ್ತು. ನಿರ್ಣಾಯಕ ಘಟ್ಟ ಬಂದದ್ದು 1962ರಲ್ಲಿ. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೆಂಬ ಅವರ ಪ್ರಸ್ತಾಪವನ್ನು ವಿರೋಧಿಸಿ ಸಂಸತ್ತು ಪ್ರಧಾನಿ ಜಾರ್ಜ್ ಪಾಂಪಿದೂ ಸರ್ಕಾರದ ವಿರುದ್ಧ ಅವಿಶ್ವಾಸ ಸೂಚಿಸಿತು. ದ ಗಾಲ್ ಸದನವನ್ನೇ ವಿಸರ್ಜಿಸಿ, ಜನಮತಗಣನೆಯಲ್ಲಿ ಸುಮಾರು ಶೇ 62ರಷ್ಟು ಮತ ಪಡೆದು ಗೆದ್ದರು. (ಆನಂತರ ಅವಿಶ್ವಾಸ ನಿರ್ಣಯಕ್ಕೆ ಸರ್ಕಾರವೊಂದು ಉರುಳಿದ್ದು 2024ರ ಡಿಸೆಂಬರಿನಲ್ಲಿ, ಆಗಿನ ಪ್ರಧಾನಿ ಮಿಶೆಲ್ ಬಾರ್ನಿಯೆ ಇದೇ ಪಕ್ಷದವರು.) ಅಂದಿನಿಂದ ಪಕ್ಷದ ಭವಿಷ್ಯವೆಲ್ಲ ಅಧ್ಯಕ್ಷೀಯ ಚುನಾವಣೆಗೆ ಗಂಟು ಬಿದ್ದಿತು.

ಇದನ್ನು ಚೆನ್ನಾಗಿ ಅರಿತವರೆಂದರೆ ಜಾಕ್ ಶಿರಾಕ್. 1974ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ತಮ್ಮದೇ ಪಕ್ಷದ ಅಭ್ಯರ್ಥಿ ಶಾಬಾನ್-ದೆಲ್ಮಾಸ್ ಅವರನ್ನು ಬಿಟ್ಟು ಬೇರೆ ಪಕ್ಷದ ಜಿಸ್ಕಾರ್ ದೆಸ್ತಾಂಗ್ ಅವರನ್ನು ಬೆಂಬಲಿಸಿ, ಜಿಸ್ಕಾರ್ ಗೆದ್ದಾಗ ಪ್ರಧಾನಿಯಾದರು. 1976ರ ಆಗಸ್ಟಿನಲ್ಲಿ ಜಿಸ್ಕಾರ್ ಜೊತೆ ಮುನಿಸಿಕೊಂಡು ರಾಜೀನಾಮೆಯಿತ್ತು, ಡಿಸೆಂಬರಿನಲ್ಲಿ ಆರ್‌ಪಿಆರ್ ಕಟ್ಟಿದರು. ಎರಡು ಸೋಲುಗಳ ಬಳಿಕ, 1995ರಲ್ಲಿ ಅದೇ ಪಕ್ಷದ ಬಲದಿಂದ ರಾಷ್ಟ್ರಾಧ್ಯಕ್ಷರಾದರು. 2002ರ ಅಧ್ಯಕ್ಷೀಯ ಚುನಾವಣೆಯಲ್ಲಿ ಕಟ್ಟಾ ಬಲಪಂಥದ ಜಾನ್-ಮರಿ ಲ ಪೆನ್ ಎರಡನೆಯ, ಅಂದರೆ ಇಬ್ಬರೇ ಉಳಿಯುವ ಅಂತಿಮ ಸುತ್ತು ತಲುಪಿದ ಆಘಾತದ ನಡುವೆ ಬಲಪಂಥೀಯರನ್ನೂ ಮಧ್ಯಮ ಪಂಥದ ಬಹುಪಾಲನ್ನೂ ಒಂದುಗೂಡಿಸಿ ಯುಎಂಪಿ ರಚನೆಯಾಯಿತು. ಮಧ್ಯಮ ಪಂಥದ ನಾಯಕ ಫ್ರಾನ್ಸುವಾ ಬೈರೂ ಮಾತ್ರ ಸೇರಲೊಪ್ಪಲಿಲ್ಲ.

2012ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆಗಿನ ರಾಷ್ಟ್ರಾಧ್ಯಕ್ಷ, ಇದೇ ಪಕ್ಷದ ನಿಕೋಲಾ ಸಾರ್ಕೋಜಿ ಸೋತ ಮೇಲೆ ಪಕ್ಷಕ್ಕೆ ದಿಕ್ಕು ತೋರುವವರಿಲ್ಲದಂತಾಯಿತು. ಅದೇ ನವೆಂಬರಿನಲ್ಲಿ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಜಾನ್-ಫ್ರಾನ್ಸುವಾ ಕೋಪೆ ಅವರು ಫ್ರಾನ್ಸುವಾ ಫಿಯೋನ್ ವಿರುದ್ಧ ಕೇವಲ 98 ಮತಗಳಿಂದ ಗೆದ್ದರೆಂದು ಘೋಷಿಸಲಾಯಿತು. ಆಮೇಲೆ ನೋಡಿದರೆ ನ್ಯೂ ಕ್ಯಾಲೆಡೋನಿಯಾ, ಮಯೋತ್ ಮತ್ತು ವಾಲಿಸ್-ಫುತೂನಾ ದ್ವೀಪಗಳ ಮತಗಳು ಎಣಿಕೆಗೇ ಸೇರಿರಲಿಲ್ಲ. ಫಿಯೋನ್ ಬಣ ಸಂಸತ್ತಿನಲ್ಲಿ ಕೆಲಕಾಲ ಪ್ರತ್ಯೇಕ ಗುಂಪನ್ನೇ ಮಾಡಿಕೊಂಡಿತು. ಹಿರಿಯರ ಮಾತಿಗೆ ತಲೆಬಾಗಿ ನಡೆದು ಅಭ್ಯಾಸವಾಗಿದ್ದ ಸಂಘಟನೆಗೆ ಆಂತರಿಕ ಚುನಾವಣೆಯನ್ನು ನ್ಯಾಯವಾಗಿ ನಡೆಸುವ ಪರಿಪಾಠವೇ ಬೆಳೆದಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

2017ರ ಅಧ್ಯಕ್ಷೀಯ ಚುನಾವಣೆಯಲ್ಲಿ ಫಿಯೋನ್ ಶೇ 20ರಷ್ಟು ಮತ ಪಡೆದು ಮೂರನೆಯವರಾದರು. ಗೆದ್ದ ಮಧ್ಯಮ ಪಂಥದ ಎಮಾನ್ಯುಯೆಲ್ ಮ್ಯಾಕ್ರನ್ ಈ ಪಕ್ಷದಿಂದಲೇ ಎದುವಾರ್ ಫಿಲಿಪ್ ಅವರನ್ನು ಕರೆದು ಪ್ರಧಾನಿ ಮಾಡಿದರು. 2022ರಲ್ಲಿ ವಾಲೆರಿ ಪೆಕ್ರೆಸ್ ಅವರಿಗೆ ಸಿಕ್ಕಿದ್ದು ಶೇ 4.78 ಮಾತ್ರ. ಶೇ 5ರ ಗಡಿ ದಾಟಿದ ಅಭ್ಯರ್ಥಿಗೆ ಸರ್ಕಾರವು ಪ್ರಚಾರ ವೆಚ್ಚದ ದೊಡ್ಡ ಪಾಲನ್ನು ಮರುಪಾವತಿಸುತ್ತದೆ. ದಾಟದವರಿಗೆ ಸಿಗುವುದು ಅದರ ಹತ್ತರಲ್ಲೊಂದು ಭಾಗದಷ್ಟು. ಹೀಗಾಗಿ ಮೊದಲ ಸುತ್ತಿನ ಮರುದಿನವೇ ಪೆಕ್ರೆಸ್ ಅವರು ತಾವು ಸ್ವಂತ ಹೆಸರಿನಲ್ಲಿ 50 ಲಕ್ಷ ಯೂರೋ ಸಾಲ ಮಾಡಿರುವುದಾಗಿ ತಿಳಿಸಿ, ದೇಣಿಗೆ ನೀಡುವಂತೆ ಜನರನ್ನು ಬಹಿರಂಗವಾಗಿ ಕೋರಬೇಕಾಯಿತು. ದ ಗಾಲ್ ಪರಂಪರೆಯ ಅಭ್ಯರ್ಥಿಗೆ ಇಂಥ ಸ್ಥಿತಿ ಬಂದದ್ದನ್ನು ಓದಿದಾಗ ಅವರ ವಿರೋಧಿಗಳಿಗೂ ಮರುಕ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

2024ರ ಜೂನಿನಲ್ಲಿ ಪಕ್ಷದ ಅಧ್ಯಕ್ಷ ಎರಿಕ್ ಸಿಯೋತಿ, ಸಹೋದ್ಯೋಗಿಗಳನ್ನು ಕೇಳದೆಯೇ, ಕಟ್ಟಾ ಬಲಪಂಥದ ರಾಷ್ಟ್ರೀಯ ರ‍್ಯಾಲಿ ಪಕ್ಷದ ಜೊತೆ ಮೈತ್ರಿ ಘೋಷಿಸಿದರು. ಮರುದಿನ ಪಕ್ಷದ ಕೇಂದ್ರ ಕಚೇರಿಗೆ ಬೀಗ ಬಿದ್ದಿತ್ತು. ಉಳಿದ ನಾಯಕರು ಬೇರೆಡೆ ಸೇರಿ ಅವರನ್ನು ಉಚ್ಚಾಟಿಸಿದರೆ, ನ್ಯಾಯಾಲಯ ಆ ಉಚ್ಚಾಟನೆಯನ್ನು ತಡೆಹಿಡಿಯಿತು. ಕೊನೆಗೆ ಸಿಯೋತಿ ಹೊರನಡೆದು ಸ್ವಂತ ಪಕ್ಷ ಕಟ್ಟಿದರು. 2025ರ ಮೇ ತಿಂಗಳಲ್ಲಿ ಸದಸ್ಯರು ಶೇ 74ರಷ್ಟು ಮತಗಳಿಂದ ಬ್ರೂನೊ ರತಾಯೊ ಅವರನ್ನು ಪಕ್ಷದ ಅಧ್ಯಕ್ಷರನ್ನಾಗಿ ಆರಿಸಿದರು. ಮೇಯರ್‌ಗಳು ಮತ್ತು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುವ ಸೆನೆಟ್‌ನಲ್ಲಿ ಈ ಪಕ್ಷ ಆಗಲೂ ಅತಿದೊಡ್ಡ ಗುಂಪಾಗಿ ಉಳಿದಿತ್ತು. ರತಾಯೊ ಬೆಳೆದು ಬಂದದ್ದೂ ಅದೇ ಸೆನೆಟ್‌ನಿಂದ.